ಕಂದನ ತಲೆಗೆ ಹೆಲ್ಮೆಟ್: ಮೊದಲ ಹತ್ತು ದಿನ ದಾಟುವುದು ಹೇಗೆ?

ಒಂದು ಕಡೆ ಚಪ್ಪಟೆಯಾದ ಕೂಸಿನ ತಲೆಯನ್ನು ಆಕಾರಕ್ಕೆ ತರುವ ಹೆಲ್ಮೆಟ್ ತಂದು, ಎರಡು ದಿನ ಹಾಕಿ, ಮೂರನೇ ದಿನ ಬೀರುವಿನಲ್ಲಿಟ್ಟ ಮನೆಗಳಿಂದ ನನಗೆ ಈಗಲೂ ಫೋನು ಬರುತ್ತಿರುತ್ತದೆ. "ಮಗು ಅಳುತ್ತೆ ಆಂಟಿ", "ತಲೆಯೆಲ್ಲ ಬೆವರು", "ನಮ್ಮತ್ತೆ ಒಪ್ಪಲ್ಲ". ಹೇಳುವುದು ಈ ಮೂರೇ ಮಾತು. ಮಗಳ ಬಾಣಂತನಕ್ಕೆಂದು ಹಾಸನದಿಂದ ಬೆಂಗಳೂರಿಗೆ ಬಂದ ನಾನು ಅಲ್ಲೇ ಉಳಿದುಕೊಂಡೆ. ಮೊಮ್ಮಗನಿಗೆ ಐದು ತಿಂಗಳು ತುಂಬಿದಾಗ ಹೆಲ್ಮೆಟ್ ಬಂತು, ಒಂಬತ್ತೂವರೆ ತಿಂಗಳಿಗೆ ಕಳಚಿತು. ನಡುವೆ ಮೂರನೇ ದಿನ ಅದನ್ನು ಬಿಚ್ಚಿಟ್ಟವಳು ನಾನೇ. ಹಾಗಾಗಿ ಅಮ್ಮಂದಿರ ಕಷ್ಟವೂ ಗೊತ್ತು, ಅಜ್ಜಿಯಂದಿರ ಸಂಕಟವೂ ಗೊತ್ತು.

ಬಹುತೇಕ ಮಕ್ಕಳು ಒಂದು ವಾರದಲ್ಲಿ ಹೆಲ್ಮೆಟ್ಟಿಗೆ ಒಗ್ಗಿಕೊಳ್ಳುತ್ತವೆ. ಒಗ್ಗದಿರುವವರು ನಾವು, ದೊಡ್ಡವರು. ದೇವರ ಮೇಲಿನ ನಂಬಿಕೆ ಇಲ್ಲಿ ನಿಜವಾಗಿ ಕೈಹಿಡಿಯುತ್ತದೆ, ಆದರೆ ಅದನ್ನು ಹೆಲ್ಮೆಟ್ಟಿನ ಬದಲಿಗೆ ಇಡಬಾರದು, ಹೆಲ್ಮೆಟ್ಟಿನ ಜೊತೆಗೆ ಇಡಬೇಕು. ಹೇಗೆ ಅನ್ನುವುದನ್ನು ಆಯಾ ಹಂತದಲ್ಲೇ ಹೇಳುತ್ತೇನೆ. ಹಂತಗಳ ಕ್ರಮ ಮಾತ್ರ ತಪ್ಪಿಸಬೇಡಿ.

ಹಂತ 1: ಇದು ಹೆಲ್ಮೆಟ್ ಬೇಕಾದ ತಲೆಯೇ?

ಮಗುವನ್ನು ಅಂಗಾತ ಮಲಗಿಸಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ, ಅದರ ಉಸಿರಿನ ಸುರಕ್ಷತೆಗೆ ಅದೇ ಸರಿ. ಆದರೆ ಕೆಲವು ಮಕ್ಕಳು ಯಾವಾಗಲೂ ಒಂದೇ ಕಡೆ ಗೋಣು ಹೊರಳಿಸಿ ಮಲಗುತ್ತವೆ. ಎಳೆ ಬುರುಡೆ ಆ ಕಡೆ ಚಪ್ಪಟೆಯಾಗುತ್ತದೆ, ಆ ಬದಿಯ ಕಿವಿ, ಹಣೆ ಸ್ವಲ್ಪ ಮುಂದಕ್ಕೆ ಬರುತ್ತವೆ. ಇದಕ್ಕೆ ಪ್ಲೇಜಿಯೋಸೆಫಲಿ ಅನ್ನುತ್ತಾರೆ. ಹಿಂಭಾಗ ಪೂರ್ತಿ ಮಟ್ಟಸವಾದರೆ ಬ್ರೇಕಿಸೆಫಲಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂದಲನ್ನು ಒದ್ದೆ ಮಾಡಿ, ನೇರ ಮೇಲಿನಿಂದ ಒಂದು ಫೋಟೊ ತೆಗೆದರೆ ಮುಂದಿನಿಂದ ಕಾಣದ ಓರೆ ಅಲ್ಲಿ ಕಾಣುತ್ತದೆ.

ಈ ಫೋಟೊ ಹಿಡಿದು ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಬೇಕು, ಹೆಲ್ಮೆಟ್ ಮಾಡುವವರ ಹತ್ತಿರ ಅಲ್ಲ. ಕಾರಣ ಇದೆ. ಬುರುಡೆಯ ಮೂಳೆಗಳ ನಡುವಿನ ಕೂಡುಗೆರೆ ಹೊತ್ತಿಗೆ ಮುಂಚೆಯೇ ಬೆಸೆದುಕೊಂಡರೂ ತಲೆ ಓರೆಯಾಗುತ್ತದೆ. ಅದು ಕ್ರೇನಿಯೊಸಿನೊಸ್ಟೋಸಿಸ್, ಬೇರೆಯದೇ ಕಾಯಿಲೆ. ತಲೆಯ ಮೇಲೆ ಕೈಯಾಡಿಸಿದಾಗ ಏಣು ಸಿಕ್ಕಿದರೆ, ನೆತ್ತಿಯ ಮೆತ್ತನೆಯ ಜಾಗ ಬೇಗ ಗಟ್ಟಿಯಾಗಿದ್ದರೆ, ತಲೆಯ ಸುತ್ತಳತೆ ತಿಂಗಳಿಂದ ತಿಂಗಳಿಗೆ ಏರದಿದ್ದರೆ ಅದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಿ. ಅಂಥ ಮಗುವಿಗೆ ಬೇಕಾದವರು ನರಶಸ್ತ್ರಚಿಕಿತ್ಸಕರು. ಸಣ್ಣ ಕೊಳವೆ ಕ್ಯಾಮೆರಾದ (ಎಂಡೊಸ್ಕೋಪ್) ಮೂಲಕ ಆಪರೇಷನ್ ಮಾಡಿದ ಮೇಲೆ ಅವರೂ ಹೆಲ್ಮೆಟ್ ಹಾಕಿಸುತ್ತಾರೆ, ಆದರೆ ಆ ಲೆಕ್ಕಾಚಾರವೇ ಬೇರೆ. ಈ ಬರಹದ ವೇಳಾಪಟ್ಟಿ ಅಂಥ ಮಕ್ಕಳಿಗಲ್ಲ.

ಎರಡನೆಯದಾಗಿ ಕುತ್ತಿಗೆ ನೋಡಿಸಿ. ಕುತ್ತಿಗೆಯ ಒಂದು ಬದಿಯ ಸ್ನಾಯು ಬಿಗಿದಿದ್ದರೆ ಮಗು ಬೇಕೆಂದರೂ ಇನ್ನೊಂದು ಕಡೆ ತಿರುಗಲಾರದು. ಇದು ಟಾರ್ಟಿಕಾಲಿಸ್. ಇದಕ್ಕೆ ಫಿಸಿಯೊಥೆರಪಿ ಬೇಕು, ಹೆಲ್ಮೆಟ್ ಹಾಕಿದ ಮೇಲೂ ಅದು ಮುಂದುವರಿಯಬೇಕು. ಕುತ್ತಿಗೆ ಬಿಟ್ಟು ತಲೆ ಮಾತ್ರ ನೋಡಿದರೆ ಹೆಲ್ಮೆಟ್ ಕಳಚಿದ ಮೇಲೆ ಮಗು ಮತ್ತೆ ಅದೇ ಕಡೆಗೆ ಮಲಗುತ್ತದೆ.

ಮೂರನೆಯದು ವಯಸ್ಸು. ನಾಲ್ಕು ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ಹೆಲ್ಮೆಟ್ ಹೇಳುವುದಿಲ್ಲ. ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿಸಿ ಆಡಿಸುವುದು, ಎತ್ತಿಕೊಳ್ಳುವ ತೋಳು ಬದಲಿಸುವುದು, ತೊಟ್ಟಿಲಲ್ಲಿ ತಲೆ ಇಡುವ ದಿಕ್ಕು ತಿರುಗಿಸುವುದು, ಇಷ್ಟರಿಂದಲೇ ಎಷ್ಟೋ ತಲೆಗಳು ಸರಿಹೋಗುತ್ತವೆ. ಹೆಲ್ಮೆಟ್ ಬೇಕೇ ಬೇಕೆಂದಾದರೆ 4ರಿಂದ 6 ತಿಂಗಳ ನಡುವೆ ಶುರುಮಾಡುವುದು ಒಳ್ಳೆಯದು. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಆರು ತಿಂಗಳಿಗೆ 43ರ ಹತ್ತಿರ ಬಂದಿರುತ್ತದೆ, ಆಮೇಲಿನ ಆರು ತಿಂಗಳಲ್ಲಿ ಬೆಳೆಯುವುದು ಮೂರು ಸೆಂಟಿಮೀಟರಿನಷ್ಟು ಮಾತ್ರ. ಹೆಲ್ಮೆಟ್ ತಲೆಯನ್ನು ಹಿಂಡುವುದಿಲ್ಲ. ಉಬ್ಬಿದ ಕಡೆ ತಾಗಿಕೊಂಡು ನಿಲ್ಲುತ್ತದೆ, ಚಪ್ಪಟೆ ಇರುವ ಕಡೆ ಜಾಗ ಬಿಡುತ್ತದೆ, ಬೆಳೆಯುವ ತಲೆ ಆ ಜಾಗಕ್ಕೆ ತುಂಬಿಕೊಳ್ಳುತ್ತದೆ. ಬೆಳವಣಿಗೆ ನಿಧಾನವಾದ ಮೇಲೆ ಹಾಕಿದರೆ ಫಲ ಕಡಿಮೆ. ಹನ್ನೆರಡು ತಿಂಗಳು ದಾಟಿದ ಮಗುವಿಗೆ ಹಾಕಿಸುವ ಮುಂಚೆ ಎರಡು ಸಲ ಕೇಳಿ.

ಎಷ್ಟು ಓರೆ ಇದೆ ಅನ್ನುವುದಕ್ಕೂ ಲೆಕ್ಕವಿದೆ. ತಲೆಯನ್ನು ಮೂಲೆಯಿಂದ ಮೂಲೆಗೆ ಎರಡು ಓರೆಗೆರೆಗಳಲ್ಲಿ ಅಳೆದು, ಅವುಗಳ ವ್ಯತ್ಯಾಸವನ್ನು ಶೇಕಡಾದಲ್ಲಿ ಹೇಳುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದು ಅಳತೆಗೋಲಿನ ಪ್ರಕಾರ 3.5ರ ಒಳಗಿದ್ದರೆ ಸಹಜ, 6.25 ದಾಟಿದರೆ ಮಧ್ಯಮ, 8.75 ದಾಟಿದರೆ ತೀವ್ರ. ನಿಮ್ಮ ಮಗುವಿನ ಸಂಖ್ಯೆ ಎಷ್ಟೆಂದು ಕೇಳಿ ಬರೆದುಕೊಳ್ಳಿ. 2014ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ 84 ಶಿಶುಗಳನ್ನು ಎರಡು ಗುಂಪು ಮಾಡಿ ನೋಡಿದಾಗ, ಎರಡು ವರ್ಷದ ಹೊತ್ತಿಗೆ ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನದಲ್ಲಿ ಅನೇಕ ಹೆಲ್ಮೆಟ್ಟುಗಳು ಸರಿಯಾಗಿ ಕೂರದೆ ಜಾರುತ್ತಿದ್ದವು ಎಂಬ ಆಕ್ಷೇಪವೂ ಇದೆ. 2016ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಯೊಂದು, ಬೇರೆ ಉಪಾಯ ಮಾಡಿದ ಮೇಲೂ ಮಧ್ಯಮ ಅಥವಾ ತೀವ್ರ ಓರೆ ಉಳಿದಿದ್ದರೆ ಹೆಲ್ಮೆಟ್ ಹಾಕಿಸಬಹುದು ಎಂದು ಹೇಳಿತು. ಅಂದರೆ ಸಣ್ಣ ಓರೆಗೆ ಹೆದರಿ ಓಡಬೇಕಿಲ್ಲ. ಹಾಕಿಸಿದಿರೋ, ಅಳತೆ ಮತ್ತು ಗಂಟೆ ಎರಡೂ ಸರಿಯಿರಬೇಕು.

ಹಂತ 2: ಮಗುವಿಗಿಂತ ಮೊದಲು ಮನೆಯವರನ್ನು ಒಪ್ಪಿಸಿ

ಜನ ಎಡವುವುದು ಇಲ್ಲೇ. ಗಂಡ ಹೆಂಡತಿ ಇಬ್ಬರೇ ಹೋಗಿ ಅಳತೆ ಕೊಟ್ಟು ಬರುತ್ತಾರೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಹೆಲ್ಮೆಟ್ ಮನೆಗೆ ಬಂದ ದಿನವೇ ಗೊತ್ತಾಗುತ್ತದೆ. ಅವಳು ಹೇಗೆ ಒಪ್ಪಿಯಾಳು? ನಾವೆಲ್ಲ ಕೂಸಿನ ತಲೆಗೆ ಎಣ್ಣೆ ಒತ್ತಿ, ಬಿಸಿನೀರು ಹುಯ್ದು, ಕುಲಾವಿ ಕಟ್ಟಿ ಬೆಳೆಸಿದವರು. ತಲೆ ದುಂಡಗಾಗಲಿ ಅಂತ ಅಂಗೈಯಲ್ಲಿ ತೀಡಿದವರು, ಸಾಸಿವೆ ದಿಂಬು ಹೊಲಿದವರು.

ಆದ್ದರಿಂದ ಸ್ಕ್ಯಾನ್ ದಿನ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಮಗುವಿನ ತಲೆಗೆ ತೆಳುವಾದ ಕಾಲುಚೀಲದಂಥ ಟೋಪಿ ಹಾಕಿ ಕ್ಯಾಮೆರಾದಲ್ಲಿ ಅಳತೆ ತೆಗೆಯುತ್ತಾರೆ, ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಕಂಪ್ಯೂಟರಿನಲ್ಲಿ ಮೂಡುವ ತಲೆಯ ಆಕಾರವನ್ನು ಅವರು ಕಣ್ಣಾರೆ ನೋಡಲಿ. ಅಲ್ಲಿರುವ ಒಂದು ಹೆಲ್ಮೆಟ್ಟನ್ನು ಕೈಗೆ ಕೊಟ್ಟು ತೂಕ ನೋಡಲು ಹೇಳಿ. ಸುಮಾರು 200 ಗ್ರಾಂ ಇರುತ್ತದೆ, ಸ್ಕೂಟರಿನ ಹೆಲ್ಮೆಟ್ಟಿನ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಅಲ್ಲೇ ಅರ್ಧ ಭಯ ಇಳಿಯುತ್ತದೆ.

ಇನ್ನು ಒಳ್ಳೆಯ ದಿನದ ಮಾತು. ಸ್ಕ್ಯಾನ್ ಆದ ಮೇಲೆ ಹೆಚ್ಚೆಂದರೆ ಎರಡು ವಾರದಲ್ಲಿ ಹೆಲ್ಮೆಟ್ ತಲೆಗೇರಬೇಕು, ತಡವಾದರೆ ತಲೆ ಬೆಳೆದು ಅಳತೆ ಕೂರುವುದಿಲ್ಲ. ಆಷಾಢ ಕಳೆಯಲಿ ಅಂತ ಕಾದು ಎರಡನೇ ಸಲ ಸ್ಕ್ಯಾನ್ ಮಾಡಿಸಿದವರನ್ನು ನೋಡಿದ್ದೇನೆ. ತಿಂಗಳು ನೋಡಬೇಡಿ, ಸಿಕ್ಕಿದ ವಾರದೊಳಗೆ ಒಂದು ಒಳ್ಳೆಯ ಹೊತ್ತು ನೋಡಿ. ನಾವು ಸೋಮವಾರ ಬೆಳಗ್ಗೆ ಶುರುಮಾಡಿದೆವು. ಹಿಂದಿನ ದಿನ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ನಂಜುಂಡೇಶ್ವರನಿಗೆ ಮುಡಿಪು ತೆಗೆದಿಟ್ಟೆ. ಹೆಲ್ಮೆಟ್ ಕಳಚಿದ ಮೇಲೆ ನಂಜನಗೂಡಿನಲ್ಲಿ ಮೊದಲ ಮುಡಿ ಕೊಡುತ್ತೇವೆ ಅಂತ ಹರಕೆ. ಹರಕೆ ಹೊರುವಾಗ ಒಂದು ಎಚ್ಚರ: "ಬೇಗ ಸರಿಹೋಗಲಿ" ಅಂತ ಹೊರಬೇಡಿ. ವಾರಕ್ಕೊಮ್ಮೆ ಅಳತೆ ನೋಡಿ ಮನಸ್ಸು ಕುಸಿಯುತ್ತದೆ. "ದಿನಾ ತಪ್ಪದೆ ಹಾಕುವ ಶಕ್ತಿ ಕೊಡು" ಅಂತ ಹೊತ್ತುಕೊಳ್ಳಿ. ಅದು ನಮ್ಮ ಕೈಲಿ ಆಗುವ ಮಾತು.

ಹಂತ 3: ಮನೆಯಲ್ಲಿ ತಯಾರಿರಬೇಕಾದ್ದು

ಹೆಚ್ಚೇನಿಲ್ಲ. ಹಳೆಯ ಹತ್ತಿ ಪಂಚೆ ಹರಿದು ಮಾಡಿದ ಹತ್ತು ಹನ್ನೆರಡು ಬಟ್ಟೆ ತುಂಡು. ವಾಸನೆಯಿಲ್ಲದ ಬೇಬಿ ಶಾಂಪೂ. ಹೆಲ್ಮೆಟ್ ಒಳಗಡೆ ಒರೆಸಲು ಆರ್ಥೋಟಿಸ್ಟ್ (ಅಳತೆ ತೆಗೆದು ಹೆಲ್ಮೆಟ್ ಕೂರಿಸಿಕೊಡುವ ತಜ್ಞರು) ಹೇಳಿದ ದ್ರಾವಣ, ಸಾಮಾನ್ಯವಾಗಿ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್. ಒಂದು ಮೆತ್ತನೆಯ ಹೊಸ ಟೂತ್‌ಬ್ರಷ್. ಥರ್ಮಾಮೀಟರ್. ಕೋಣೆಯಲ್ಲಿ ಫ್ಯಾನು. ತೆಳು ಹತ್ತಿಯ ಜುಬ್ಬಾಗಳು, ಏಕೆಂದರೆ ಮೈಗೆ ಇನ್ನು ಮುಂದೆ ಒಂದೇ ಪದರ ಬಟ್ಟೆ ಸಾಕು.

ಒಂದು ನೋಟ್‌ಬುಕ್ ಮರೆಯಬೇಡಿ. ಹಾಕಿದ ಹೊತ್ತು, ತೆಗೆದ ಹೊತ್ತು, ಕೆಂಪು ಎಲ್ಲಿ, ಎಷ್ಟು ನಿಮಿಷಕ್ಕೆ ಹೋಯಿತು. ಮಾಸ್ತರಿಕೆ ಮಾಡಿದ ಅಭ್ಯಾಸಕ್ಕೆ ನಾನು ಗೆರೆ ಎಳೆದು ಬರೆಯುತ್ತಿದ್ದೆ. ಪ್ರತಿ ಭೇಟಿಯಲ್ಲೂ ಆರ್ಥೋಟಿಸ್ಟ್ ಮೊದಲು ಕೇಳುತ್ತಿದ್ದದ್ದು ಆ ಪುಸ್ತಕವನ್ನೇ.

ಹಂತ 4: ಮೊದಲ ಸಲ ಹಾಕುವುದು

ಹೊಟ್ಟೆ ತುಂಬಿ, ತೇಗಿ, ನಗುಮುಖದಲ್ಲಿರುವ ಹೊತ್ತು ಆರಿಸಿ. ನಿದ್ದೆಗಣ್ಣಿನಲ್ಲಿ, ಹಸಿವಿನಲ್ಲಿ ಬೇಡ. ಮೊದಲ ವಾರ ಇಬ್ಬರು ಬೇಕು, ಒಬ್ಬರು ಮಗುವನ್ನು ಎದೆಗೊರಗಿಸಿ ಕೂರಿಸಿಕೊಳ್ಳಬೇಕು, ಇನ್ನೊಬ್ಬರು ಹಾಕಬೇಕು. ಪಟ್ಟಿ ಇರುವ ಬದಿಯನ್ನು ಎರಡೂ ಕೈಯಿಂದ ಅಗಲಿಸಿ ತಲೆಗೆ ಇಳಿಸಿ, ಕಿವಿ ಮಡಿಚಿಕೊಂಡಿಲ್ಲ ಅಂತ ಬೆರಳಿನಿಂದ ನೋಡಿ, ಆಮೇಲೆ ಪಟ್ಟಿ ಎಳೆಯಿರಿ. ಎಷ್ಟು ಬಿಗಿ ಅನ್ನುವುದಕ್ಕೆ ಆರ್ಥೋಟಿಸ್ಟ್ ಹತ್ತಿರ ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡಿರಬೇಕು.

ಪಾಪ ಅಂತ ಪಟ್ಟಿ ಸಡಿಲ ಬಿಡುವುದು ಎಲ್ಲರೂ ಮಾಡುವ ತಪ್ಪು. ಸಡಿಲ ಹೆಲ್ಮೆಟ್ ತಲೆಯ ಮೇಲೆ ತಿರುಗುತ್ತದೆ, ಉಜ್ಜುತ್ತದೆ, ಕಣ್ಣಿನ ಮೇಲೆ ಇಳಿಯುತ್ತದೆ. ಗುಳ್ಳೆಯೇಳುವುದು ಹೆಚ್ಚಾಗಿ ಸಡಿಲದಿಂದಲೇ. ಮುಂದಿನ ಅಂಚು ಹುಬ್ಬಿನ ಮೇಲೆ ನಿಲ್ಲಬೇಕು, ಕಿವಿ ತನ್ನ ಕಿಂಡಿಯ ನಡುವೆ ಇರಬೇಕು.

ಹಾಕಿದ ಕೂಡಲೇ ಎತ್ತಿಕೊಂಡು ಬೇರೆ ಕಡೆ ಹೋಗಿ. ಕಿಟಕಿ, ಗಿಡ, ಬೀದಿಯ ದನ, ಏನಾದರೂ ಸರಿ. ಹಾಡುವ ಮನೆಯಾದರೆ ಒಂದೇ ಜೋಗುಳವನ್ನು ಹೆಲ್ಮೆಟ್ ಹಾಕುವಾಗಲೆಲ್ಲ ಹಾಡಿ. ಕೂಸಿಗೆ ದೇವರ ನಾಮದ ಅರ್ಥ ತಿಳಿಯದು, ಆದರೆ ಅದೇ ರಾಗ, ಅದೇ ದನಿ, ಅದೇ ತೋಳು ಅನ್ನುವುದು ತಿಳಿಯುತ್ತದೆ. ಕೆಲವು ದಿನ ಕಳೆದ ಮೇಲೆ ನಾನು ಹಾಡು ಶುರುಮಾಡಿದರೆ ನಮ್ಮ ಪುಟ್ಟ ತಾನೇ ತಲೆ ಬಗ್ಗಿಸುತ್ತಿದ್ದ. ಹಾಕುವವರ ಕೈ ನಡುಗುತ್ತಿದ್ದರೆ, ಬಾಯಲ್ಲಿ "ಅಯ್ಯೋ ನನ್ನ ಕಂದಾ" ಅನ್ನುವ ದನಿಯಿದ್ದರೆ ಮಗು ಹೆದರುತ್ತದೆ. ಹಾಕುವ ಮೊದಲು ದೇವರ ಮುಂದೆ ಒಂದು ನಿಮಿಷ ಕಣ್ಣುಮುಚ್ಚಿ ನಿಂತು ಉಸಿರು ತಹಬಂದಿಗೆ ತಂದುಕೊಳ್ಳಿ. ಅಳು ಬಂದರೆ ಅಲ್ಲೇ ಅತ್ತು ಬನ್ನಿ.

ಹಂತ 5: ಐದು ದಿನದ ಮೆಟ್ಟಿಲು

ಆರ್ಥೋಟಿಸ್ಟ್ ಬೇರೆ ಕ್ರಮ ಕೊಟ್ಟಿದ್ದರೆ ಅದೇ ಅಂತಿಮ. ಕೆಲವರು ಮೊದಲ ದಿನದಿಂದಲೇ ಪೂರ್ತಿ ಹಾಕಿಸುತ್ತಾರೆ. ಸಾಮಾನ್ಯವಾಗಿ ಕೊಡುವ ಕ್ರಮ ಹೀಗಿದೆ.

1. ಮೊದಲ ದಿನ: ಒಂದು ಗಂಟೆ ಹಾಕಿ, ಒಂದು ಗಂಟೆ ತೆಗೆಯಿರಿ. ನಿದ್ದೆಗೆ ಬೇಡ.
2. ಎರಡನೇ ದಿನ: ಎರಡು ಗಂಟೆ ಹಾಕಿ, ಒಂದು ಗಂಟೆ ಬಿಡುವು. ರಾತ್ರಿ ಬೇಡ.
3. ಮೂರನೇ ದಿನ: ನಾಲ್ಕು ಗಂಟೆ ಹಾಕಿ, ಒಂದು ಗಂಟೆ ಬಿಡುವು. ಹಗಲಿನ ನಿದ್ದೆ ಹೆಲ್ಮೆಟ್ಟಿನಲ್ಲೇ.
4. ನಾಲ್ಕನೇ ದಿನ: ಎಂಟು ಗಂಟೆ ಹಾಕಿ, ಒಂದು ಗಂಟೆ ಬಿಡುವು. ರಾತ್ರಿಯೂ ಶುರು.
5. ಐದನೇ ದಿನದಿಂದ: ದಿನಕ್ಕೆ 23 ಗಂಟೆ.

ಪ್ರತಿ ಬಿಡುವಿನಲ್ಲೂ ಚರ್ಮ ನೋಡಬೇಕು. ಕೆಂಪು ಒಂದು ಗಂಟೆಯೊಳಗೆ ಹೋಗದಿದ್ದರೆ ಮುಂದಿನ ಮೆಟ್ಟಿಲು ಹತ್ತಬೇಡಿ, ಫೋನು ಮಾಡಿ.

ಮೂರನೇ ದಿನವೇ ಕಠಿಣ. ಮೊದಲ ಸಲ ಹೆಲ್ಮೆಟ್ಟಿನಲ್ಲಿ ನಿದ್ದೆ ಮಾಡಬೇಕು, ತಲೆ ಬೆವರಿ ತೊಪ್ಪೆಯಾಗುತ್ತದೆ, ಮಗು ರಚ್ಚೆ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಅಂದು ಮಗಳು ಆಫೀಸಿನ ಕೆಲಸಕ್ಕೆ ಕೂತಿದ್ದಳು. ಮಗುವಿನ ಕೂದಲು ನೆತ್ತಿಗೆ ಅಂಟಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಬಿಚ್ಚಿದೆ. ತಂಪಾಗಲಿ ಅಂತ ಒಂದು ಬೆರಳು ಕೊಬ್ಬರಿ ಎಣ್ಣೆ ಸವರಿದೆ. ಸಂಜೆ ಮಗಳು ಗೊತ್ತಿಲ್ಲದೆ ಅದರ ಮೇಲೇ ಹೆಲ್ಮೆಟ್ ಹಾಕಿದಳು. ಬೆಳಗ್ಗೆ ಕಿವಿಯ ಹಿಂದೆ ಗೀರು ಕೆಂಪು, ಸಣ್ಣ ಗುಳ್ಳೆ. ಆರ್ಥೋಟಿಸ್ಟ್ ಬಯ್ಯಲಿಲ್ಲ. "ಅಮ್ಮಾ, ಎಣ್ಣೆ ಹಚ್ಚಿದ್ರೆ ಒಳಗಿನ ಫೋಮು ಜಾರುತ್ತೆ, ಬೆವರು ಆರಲ್ಲ, ಚರ್ಮ ಮೆತ್ತಗಾಗಿ ಬಿರಿಯುತ್ತೆ. ಎರಡು ದಿನ ಬಿಟ್ಟು ಮತ್ತೆ ಒಂದು ಗಂಟೆಯಿಂದ ಶುರುಮಾಡಿ" ಅಂದಳು. ಪ್ರೀತಿಯಿಂದ ಮಾಡಿದ್ದಕ್ಕೆ ಮಗು ನಾಲ್ಕೈದು ದಿನ ಹಿಂದೆ ಬಿತ್ತು. ಆ ದಿನದಿಂದ ನಾನೇ ಪಟ್ಟಿ ಬರೆದು ಗೋಡೆಗಂಟಿಸಿದೆ: ಹೆಲ್ಮೆಟ್ ಅಡಿ ಎಣ್ಣೆ ಇಲ್ಲ, ಪೌಡರ್ ಇಲ್ಲ, ಲೋಷನ್ ಇಲ್ಲ, ಕುಲಾವಿ ಇಲ್ಲ.

ಬೆವರು ಸಹಜ. ಮೊದಲ ಒಂದೆರಡು ವಾರ ಹೆಚ್ಚು, ಆಮೇಲೆ ಮೈ ಹೊಂದಿಕೊಳ್ಳುತ್ತದೆ. ಗಾಬರಿಯಾದಾಗ ಗಂಟೆಗಟ್ಟಲೆ ಬಿಚ್ಚಿಡುವ ಬದಲು ಐದು ನಿಮಿಷ ತೆಗೆದು ತಲೆಯನ್ನೂ ಹೆಲ್ಮೆಟ್ ಒಳಗನ್ನೂ ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ.

ರಾತ್ರಿ ಎರಡು ಮೂರು ದಿನ ನಿದ್ದೆ ಕೆಡಬಹುದು. ಹೆಲ್ಮೆಟ್ ಇದ್ದರೂ ಮಗು ಅಂಗಾತವೇ ಮಲಗಬೇಕು, ಗಟ್ಟಿ ಸಮತಟ್ಟು ಹಾಸಿಗೆಯಲ್ಲಿ, ದಿಂಬಿಲ್ಲದೆ. ಸಾಸಿವೆ ದಿಂಬೂ ಬೇಡ. ಸೀರೆಯ ಜೋಲಿಯಲ್ಲಿ ಹಾಕಬೇಡಿ, ಹೆಲ್ಮೆಟ್ಟಿನ ದಪ್ಪಕ್ಕೆ ಗಲ್ಲ ಎದೆಗೆ ಒತ್ತಿ ಉಸಿರಾಟಕ್ಕೆ ತೊಂದರೆಯಾಗಬಹುದು. ಹಾಲು ಕುಡಿಸುವಾಗ ಅಂಚು ಅಮ್ಮನ ತೋಳಿಗೆ ಒತ್ತುತ್ತದೆ, ಮಡಿಸಿದ ಬಟ್ಟೆ ಇಟ್ಟುಕೊಂಡರೆ ಸಾಕು. ಮಗುವನ್ನು ಕಂಕುಳಡಿ ಹಿಡಿದು ಪಕ್ಕದಿಂದ ಕುಡಿಸುವ ಭಂಗಿಯೂ ಹಲವರಿಗೆ ಅನುಕೂಲ.

ಹಂತ 6: ದಿನದ ಆ ಒಂದು ಗಂಟೆ

23 ಗಂಟೆ ಹಾಕುವುದು ಕಷ್ಟ ಅನ್ನಿಸುವವರಿಗೆ ನಾನು ಹೇಳುವುದು, ಉಳಿದ ಒಂದು ಗಂಟೆಯನ್ನು ದಿನದ ಒಂದೇ ಹೊತ್ತಿಗೆ ಕಟ್ಟಿಹಾಕಿ. ಇಲ್ಲದಿದ್ದರೆ ಹತ್ತು ನಿಮಿಷ ಇಲ್ಲಿ, ಅರ್ಧ ಗಂಟೆ ಅಲ್ಲಿ ಅಂತ ದಿನಕ್ಕೆ ನಾಲ್ಕು ಗಂಟೆ ಸೋರುತ್ತದೆ.

ನಮ್ಮದು ಸಂಜೆ ದೀಪ ಹಚ್ಚುವ ಹೊತ್ತು. ಆರು ಗಂಟೆಗೆ ಹೆಲ್ಮೆಟ್ ತೆಗೆಯುವುದು, ಸ್ನಾನ, ದೇವರ ಮುಂದೆ ಹತ್ತು ನಿಮಿಷ, ಆಟ, ಏಳಕ್ಕೆ ಮತ್ತೆ ಹಾಕುವುದು. ದೀಪಕ್ಕೆ ದಿನವೂ ಹೊತ್ತು ತಪ್ಪದ ಮನೆಯಲ್ಲಿ ಹೆಲ್ಮೆಟ್ಟಿಗೂ ತಪ್ಪಲಿಲ್ಲ. ಆರ್ಥೋಟಿಸ್ಟ್ ಕೋಣೆಯ ಹೊರಗೆ ಕಾಯುವಾಗ ಪರಿಚಯವಾದ ಒಬ್ಬ ಮುಸ್ಲಿಂ ತಾಯಿ ಹಗಲಿನ ನಮಾಜುಗಳು ಮುಗಿದ ಕೂಡಲೇ ಮಗುವಿನ ಹಣೆಯಂಚು, ಕಿವಿಯ ಹಿಂದೆ ಇಣುಕಿ ನೋಡುತ್ತಿದ್ದರಂತೆ. ಪ್ರಾರ್ಥನೆಯ ಹೊತ್ತೇ ಅವರಿಗೆ ಗಡಿಯಾರ. ನಂಬಿಕೆಯನ್ನು ಹೀಗೆ ಕೆಲಸಕ್ಕೆ ಹಚ್ಚಬಹುದು.

ಆ ಗಂಟೆಯ ಕೆಲಸದ ಕ್ರಮ:

1. ತೆಗೆದ ತಕ್ಷಣ ಬೆಳಕಿನಲ್ಲಿ ಇಡೀ ತಲೆ ನೋಡಿ, ಕೆಂಪಿದ್ದರೆ ಹೊತ್ತು ಬರೆದುಕೊಳ್ಳಿ.
2. ಹೆಲ್ಮೆಟ್ ಒಳಗೆ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಫ್ಯಾನಿನ ಕೆಳಗೆ ಇಡಿ. ನೀರಿನಲ್ಲಿ ಮುಳುಗಿಸಬೇಡಿ. ಬಿಸಿಲಿಗೂ ಇಡಬೇಡಿ, ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ, ಶಾಖಕ್ಕೆ ಆಕಾರ ಕೆಡುತ್ತದೆ.
3. ಮಗುವಿನ ತಲೆಗೆ ದಿನವೂ ಶಾಂಪೂ ಹಾಕಿ ತೊಳೆಯಿರಿ. ಶನಿವಾರದ ಎಣ್ಣೆಸ್ನಾನ ಮೈಗೆ ಇರಲಿ, ಕುತ್ತಿಗೆಯಿಂದ ಮೇಲೆ ಬೇಡ.
4. ಕೂದಲು ಬುಡದವರೆಗೂ ಆರಬೇಕು. ತೇವ ಉಳಿದರೆ ಕಮಟು ವಾಸನೆ, ಗುಳ್ಳೆ ಎರಡೂ ಖಚಿತ.
5. ಫಿಸಿಯೊಥೆರಪಿಸ್ಟ್ ಹೇಳಿದ ಕುತ್ತಿಗೆಯ ವ್ಯಾಯಾಮ ಈ ಹೊತ್ತಿನಲ್ಲೇ ಮುಗಿಸಿ.

ದೀಪದ ಹೊತ್ತಿಗೆ ಇದೆಲ್ಲ ನಡೆಯುವುದರಿಂದ ಒಂದು ಮಾತು ಒತ್ತಿ ಹೇಳಬೇಕು. ಆಲ್ಕೊಹಾಲ್ ಬೆಂಕಿಗೆ ತಕ್ಷಣ ಹೊತ್ತಿಕೊಳ್ಳುವ ವಸ್ತು. ಒರೆಸುವ ಕೆಲಸ ದೇವರ ಕೋಣೆಯಲ್ಲಿ ಬೇಡ, ದೀಪ, ಊದುಬತ್ತಿ, ಕರ್ಪೂರದ ಹತ್ತಿರ ಬೇಡ. ಹೆಲ್ಮೆಟ್ಟನ್ನು ದೇವರ ಮುಂದಿಟ್ಟು ಆರತಿ ಬೆಳಗಬೇಕೆಂದು ಅನ್ನಿಸುವುದು ಸಹಜ, ನನಗೂ ಅನ್ನಿಸಿತ್ತು. ಅದಕ್ಕೆ ದೂರದಿಂದಲೇ ಕೈಮುಗಿಯಿರಿ. ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನೂ ನಿಲ್ಲಿಸಿ. ಹೊಗೆ ಎಳೆ ಶ್ವಾಸಕ್ಕೆ ಒಳ್ಳೆಯದಲ್ಲ.

ಹಂತ 7: ಚರ್ಮ ಓದುವುದು

ತಿಳಿಗೆಂಪು ಗುರುತು, ಒಂದು ಗಂಟೆಯೊಳಗೆ ಮಾಯ: ಹೆಲ್ಮೆಟ್ ತನ್ನ ಕೆಲಸ ಮಾಡುತ್ತಿದೆ, ಸುಮ್ಮನಿರಿ.

ಗಂಟೆ ಕಳೆದರೂ ಉಳಿಯುವ ಕೆಂಪು: ಆರ್ಥೋಟಿಸ್ಟ್‌ಗೆ ಫೋಟೊ ಕಳಿಸಿ. ಒಳಗೆ ಸ್ವಲ್ಪ ಕೆರೆದು ಜಾಗ ಮಾಡಿಕೊಡುತ್ತಾರೆ. ನೀವೇ ಹತ್ತಿ ತುರುಕುವುದು, ಫೋಮು ಕತ್ತರಿಸುವುದು ಮಾಡಬೇಡಿ.

ಸಣ್ಣ ಕಾಳುಕಾಳು ಬೆವರುಸಾಲೆ: ಕೋಣೆ ತಂಪು ಮಾಡಿ, ದಿನಕ್ಕೆ ಎರಡು ಮೂರು ಸಲ ಒರೆಸಿ ಒಣಗಿಸಿ. ಎರಡು ದಿನದಲ್ಲಿ ತಗ್ಗದಿದ್ದರೆ ವೈದ್ಯರು.

ಚರ್ಮ ಬಿರಿದಿದೆ, ನೀರು ಒಸರುತ್ತಿದೆ, ಕೀವು, ಗುಳ್ಳೆ: ತೆಗೆದುಬಿಡಿ. ಅದೇ ದಿನ ತೋರಿಸಿ. ಮಾಯುವವರೆಗೆ ಹಾಕಬಾರದು.

ಹಣೆಗೆ ಹಚ್ಚುವ ವಿಭೂತಿ, ಕುಂಕುಮ, ಕಾಡಿಗೆಯ ದೃಷ್ಟಿಬೊಟ್ಟು ಹೆಲ್ಮೆಟ್ಟಿನ ಅಂಚಿಗೆ ಸಿಕ್ಕಿ ಚರ್ಮ ಉರಿಸುತ್ತವೆ. ದೃಷ್ಟಿಬೊಟ್ಟು ಅಂಗಾಲಿಗೆ ಇಡಿ. ಕುತ್ತಿಗೆಯಲ್ಲಿ ತಾಯಿತದ ದಾರ ಬೇಡವೇ ಬೇಡ. ದಾರ ಯಾವುದಕ್ಕಾದರೂ ಸಿಕ್ಕಿ ಬಿಗಿದರೆ ಪ್ರಾಣಕ್ಕೆ ಅಪಾಯ, ಹೆಲ್ಮೆಟ್ ಇರಲಿ, ಇಲ್ಲದಿರಲಿ. ನಾನು ಅದನ್ನು ಮಗು ಮಲಗುವ ಕೋಣೆಯ ಬಾಗಿಲ ಮೇಲೆ ಕಟ್ಟಿದೆ.

ಹಂತ 8: ಜ್ವರ, ಸೆಕೆ, ಕೂಡಲೇ ತೆಗೆಯಬೇಕಾದ ಹೊತ್ತು

ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ತೋರಿಸಿದರೆ ಹೆಲ್ಮೆಟ್ ತೆಗೆದು ವೈದ್ಯರಿಗೆ ತಿಳಿಸಿ. ಕೂಸಿನ ಮೈಯ ಶಾಖದ ಒಂದು ದೊಡ್ಡ ಪಾಲು ಹೊರಬೀಳುವುದು ತಲೆಯಿಂದ, ಜ್ವರದಲ್ಲಿ ಅದನ್ನು ಮುಚ್ಚಬಾರದು. ಲಸಿಕೆಯ ನಂತರದ ಜ್ವರಕ್ಕೂ ಇದೇ ನಿಯಮ. ಜ್ವರ ಬಿಟ್ಟು ಒಂದು ದಿನವಾದ ಮೇಲೆ ಮತ್ತೆ ಹಾಕಿ. ಮೂರು ದಿನಕ್ಕಿಂತ ಹೆಚ್ಚು ಬಿಟ್ಟಿದ್ದರೆ ಇನ್ನೂ ಸರಿಯಾಗಿ ಕೂರುತ್ತದೆಯೇ ಎಂದು ಆರ್ಥೋಟಿಸ್ಟ್ ನೋಡಲಿ.

ವಾಂತಿ ನಿಲ್ಲದಿರುವುದು, ಮಗು ಸುಸ್ತಾಗಿ ಎಚ್ಚರಿಸಿದರೂ ಸರಿಯಾಗಿ ಏಳದಿರುವುದು, ನೆತ್ತಿ ಉಬ್ಬಿ ಬಿಗಿಯಾಗುವುದು, ಹಾಲು ಬಿಡುವುದು, ಎಷ್ಟು ಸಮಾಧಾನ ಮಾಡಿದರೂ ನಿಲ್ಲದ ಚೀರಾಟ: ಇವು ಒಗ್ಗಿಕೊಳ್ಳುವ ಕಷ್ಟವಲ್ಲ. ಹೆಲ್ಮೆಟ್ ತೆಗೆದು ಆಸ್ಪತ್ರೆಗೆ ಹೊರಡಿ. ಆ ಹೊತ್ತಿನಲ್ಲಿ ದೃಷ್ಟಿ ನಿವಾಳಿಸುತ್ತಾ, ಹರಕೆ ಹೊರುತ್ತಾ ಕೂರಬಾರದು. ಪ್ರಾರ್ಥನೆ ಆಟೋದಲ್ಲೂ ಮಾಡಬಹುದು.

ಮಾರ್ಚ್, ಏಪ್ರಿಲ್‌ನಲ್ಲಿ ಶುರುಮಾಡುವವರು, ಕಲಬುರಗಿ, ರಾಯಚೂರಿನ ಬಿಸಿಲಿನವರು, ಮಂಗಳೂರಿನ ಸೆಕೆಯವರು ಇದನ್ನು ಮೊದಲೇ ಆರ್ಥೋಟಿಸ್ಟ್ ಜೊತೆ ಮಾತಾಡಿ. ಕರೆಂಟು ಹೋದಾಗ ಬೀಸಣಿಗೆ, ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸುವುದು, ಐದೈದು ನಿಮಿಷದ ಬಿಡುವು. ಮಧ್ಯಾಹ್ನ ಹೊರಗೆ ಒಯ್ಯಬೇಡಿ.

ಹಂತ 9: ಜನರ ಕಣ್ಣು, ಹಬ್ಬ, ಮುಡಿ

"ಮಗುವಿಗೆ ಏನಾಗಿದೆ? ಬಿದ್ದಿತ್ತಾ? ಆಪರೇಷನ್ನಾ?" ಲಿಫ್ಟಿನಲ್ಲಿ, ತರಕಾರಿ ಅಂಗಡಿಯಲ್ಲಿ ದಿನಾ ಕೇಳುತ್ತಾರೆ. ಮಗಳು ಮೊದಲ ವಾರ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಒಂದೇ ಉತ್ತರ ಬಾಯಿಪಾಠ ಮಾಡಿಕೊಳ್ಳಿ: "ಏನೂ ಆಗಿಲ್ಲ, ತಲೆ ಒಂದು ಕಡೆ ಚಪ್ಪಟೆಯಾಗಿತ್ತು, ನಾಲ್ಕು ತಿಂಗಳು ಹಾಕಿದರೆ ಸರಿಹೋಗುತ್ತೆ." ಇಷ್ಟು ಹೇಳಿ ಮುಂದೆ ನಡೆಯಿರಿ. ಯಾರ ಕರ್ಮ, ಯಾರ ದೋಷ ಅಂತ ಮಾತು ತೆಗೆಯುವವರು ಮನೆಯೊಳಗೂ ಇರುತ್ತಾರೆ. ಇದು ಶಾಪವಲ್ಲ, ತಾಯಿಯ ತಪ್ಪೂ ಅಲ್ಲ. ಬಾಣಂತಿಗೆ ಕೇಳುವಂತೆ ಈ ಮಾತನ್ನು ಹೇಳಬೇಕಾದವರು ಮನೆಯ ಹಿರಿಯರು.

ಹೊರಮೈಗೆ ಚಿತ್ರ ಅಂಟಿಸಿದರೆ ನೋಡುವವರ ಮುಖ ಬದಲಾಗುತ್ತದೆ. ನಾವು ನವಿಲುಗರಿ, ಬೆಣ್ಣೆಗಡಿಗೆಯ ಸ್ಟಿಕ್ಕರ್ ಅಂಟಿಸಿದ್ದೆವು, ಕೃಷ್ಣಾಷ್ಟಮಿಗೆ ಬೇರೆ ಕಿರೀಟ ಬೇಕಾಗಲಿಲ್ಲ. ಬಣ್ಣ ಬಳಿಯುವುದಾದರೆ ಕೇಳಿ ಬಳಿಯಿರಿ, ಕಿತ್ತು ಬಾಯಿಗೆ ಹೋಗುವಂಥ ಮಣಿ, ಮಿಂಚು ಬೇಡ. ಹಬ್ಬ, ನಾಮಕರಣ, ಅನ್ನಪ್ರಾಶನದ ಫೋಟೊಗೆ ಆ ಒಂದು ಗಂಟೆಯನ್ನೇ ಹೊಂದಿಸಿಕೊಳ್ಳಿ.

ಮುಡಿಯ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಬೆಸ ತಿಂಗಳು ಬಂತು, ಜವಳ ತೆಗೆಸಬೇಕು ಅಂತ ಹೆಲ್ಮೆಟ್ ನಡುವೆಯೇ ತಲೆ ಬೋಳಿಸುತ್ತಾರೆ. ಕತ್ತಿಯ ಸಣ್ಣ ಗೀರೂ ಹೆಲ್ಮೆಟ್ ಅಡಿಯಲ್ಲಿ ಹುಣ್ಣಾಗುತ್ತದೆ, ದಟ್ಟ ಕೂದಲು ಹೋದರೆ ಹೆಲ್ಮೆಟ್ ಕೂರುವ ಬಿಗಿಯೂ ಬದಲಾಗುತ್ತದೆ. ಸ್ಕ್ಯಾನಿಗೆ ಒಂದೆರಡು ವಾರ ಮುಂಚೆ ಮುಗಿಸಿ, ಇಲ್ಲವೇ ಹೆಲ್ಮೆಟ್ ಮುಗಿದ ಮೇಲೆ ಇಟ್ಟುಕೊಳ್ಳಿ. ಏಳಲ್ಲದಿದ್ದರೆ ಒಂಬತ್ತು, ಒಂಬತ್ತಲ್ಲದಿದ್ದರೆ ಹನ್ನೊಂದು, ಮೂರನೇ ವರ್ಷವೂ ಇದೆ. ಸಂಪ್ರದಾಯದಲ್ಲೇ ಅಷ್ಟು ಅವಕಾಶವಿದೆ.

ಹಂತ 10: ಎರಡನೇ ತಿಂಗಳಿನಿಂದ ಕೊನೆಯವರೆಗೆ

ಒಂದು ಅಥವಾ ಎರಡು ವಾರಕ್ಕೊಮ್ಮೆ ಭೇಟಿ ತಪ್ಪಿಸಬೇಡಿ. ತಲೆ ಬೆಳೆದಂತೆ ಒಳಗೆ ಜಾಗ ಬಿಡಿಸದಿದ್ದರೆ ಹೆಲ್ಮೆಟ್ ಬೆಳವಣಿಗೆಗೇ ಅಡ್ಡಿಯಾದೀತು. ಅಡ್ವಾನ್ಸ್ ಕೊಡುವಾಗಲೇ ಈ ಭೇಟಿಗಳ ಖರ್ಚು ಸೇರಿದೆಯೇ ಎಂದು ಕೇಳಿಕೊಂಡಿರಬೇಕು. ಊರಿನಿಂದ ಓಡಾಡುವವರು ಬಸ್ಸಿನ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಫಲ ಮೊದಲ ತಿಂಗಳುಗಳಲ್ಲಿ ಹೆಚ್ಚು ಕಾಣುತ್ತದೆ. ಮೂರನೇ ತಿಂಗಳಿಗೆ "ಸಾಕಷ್ಟು ಸರಿಯಾಯಿತಲ್ಲ" ಅಂತ ರಾತ್ರಿ ಮಾತ್ರ ಹಾಕುವುದು ಶುರುವಾಗುತ್ತದೆ. ಗಂಟೆ ಕಡಿಮೆ ಮಾಡುವ ತೀರ್ಮಾನ ಅಳತೆ ನೋಡಿ ಆರ್ಥೋಟಿಸ್ಟ್ ಹೇಳಬೇಕು. ಎಂಟು ತಿಂಗಳ ಮಗು ಪಟ್ಟಿ ಕಿತ್ತು ತಾನೇ ಬಿಚ್ಚಲು ಕಲಿತರೆ ಅದನ್ನೂ ಅವರಿಗೆ ಹೇಳಿ, ಪಟ್ಟಿಯನ್ನು ಬೇರೆ ರೀತಿ ಕೂರಿಸಿ ಕೊಡುತ್ತಾರೆ. ತೆವಳುವಾಗ ಹೆಲ್ಮೆಟ್ ಗೋಡೆಗೆ, ಮಂಚದ ಕಾಲಿಗೆ ಬಡಿದು ಸದ್ದಾಗುತ್ತದೆ, ಬಿರುಕು ಬಿಟ್ಟಿಲ್ಲ ಅಂತ ಸಂಜೆ ಒಮ್ಮೆ ನೋಡಿ.

ನಮ್ಮ ಪುಟ್ಟನ ತಲೆ ಅಚ್ಚು ಹೊಯ್ದಂತೆ ದುಂಡಗಾಗಲಿಲ್ಲ. ಓರೆಯ ಅಳತೆ ಮೊದಲ ದಿನ ಶೇಕಡಾ 9.4 ಇದ್ದದ್ದು ಕೊನೆಯ ಸ್ಕ್ಯಾನಿನಲ್ಲಿ 3.8ಕ್ಕೆ ಬಂತು, ಆರ್ಥೋಟಿಸ್ಟ್ ಸಾಕು ಅಂದಳು. ಹನ್ನೊಂದನೇ ತಿಂಗಳಲ್ಲಿ ನಂಜನಗೂಡಿನ ಕಪಿಲಾ ತೀರದಲ್ಲಿ ಮುಡಿ ಕೊಟ್ಟು ಮುಡಿಪು ಹುಂಡಿಗೆ ಹಾಕಿ ಬಂದೆವು.

ಕಳಚಿದ ಹೆಲ್ಮೆಟ್ಟನ್ನು ಮಾತ್ರ ಯಾರಿಗೂ ಕೊಡಬೇಡಿ. ಎರಡು ಮನೆಯವರು ನಮ್ಮದನ್ನು ಕೇಳಿದರು, ದುಡ್ಡಿನ ಕಷ್ಟ ಅಂತಲೂ ಹೇಳಿದರು, ಆದರೂ ಕೊಡಲಿಲ್ಲ. ಅದು ಒಂದೇ ತಲೆಯ ಅಳತೆಗೆ, ಒಂದೇ ಓರೆಗೆ ಮಾಡಿದ್ದು. ಇನ್ನೊಂದು ಮಗುವಿಗೆ ಹಾಕಿದರೆ ಒತ್ತಬಾರದ ಕಡೆ ಒತ್ತುತ್ತದೆ. ಅವರಲ್ಲಿ ಒಬ್ಬರ ಮಗು ಇನ್ನೂ ಮೂರು ತಿಂಗಳಿನದು, ಕುತ್ತಿಗೆ ಒಂದೇ ಕಡೆ ವಾಲುತ್ತಿತ್ತು. ಫಿಸಿಯೊಥೆರಪಿಗೆ ಕಳಿಸಿದೆ, ಆ ಮಗುವಿಗೆ ಹೆಲ್ಮೆಟ್ ಬೇಕಾಗಲೇ ಇಲ್ಲ.